ತಿಪ್ಪೆಯ ಜ್ವರ

ಜ್ವರದಿಂದ ಮಲಗಿದ ಮಗಳ ಹಣೆ ಮುಟ್ಟಿ, “ಭೇಷ್! ಚಲೋ ಕಾವು ಬಂದೈತಿ” ಎಂದು ಉದ್ಗರಿಸುವ ತಂದೆ ಹೊಸಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಹೆಂಡತಿ ನನ್ನತ್ತ ಬೀರಿದ ನೋಟದಲ್ಲಿ ಮಗಳಿಗಿಂತ ಎರಡು ಡಿಗ್ರಿ ಹೆಚ್ಚೇ ಉಷ್ಣವಿತ್ತು. ಅಪರಾಧ ನನ್ನದಲ್ಲ, ವಾಚಕ ಮಹಾಶಯರೇ, ನನ್ನ ವೃತ್ತಿಯದು.

ಹಿಂದೆ ಊರಾಚೆ, ಕಾಲುವೆಯ ಮಗ್ಗುಲಿಗಿದ್ದ ಗೊಬ್ಬರದಂಗಳಕ್ಕೆ ನಾನು ಮೇಲ್ವಿಚಾರಕನಾಗಿದ್ದೆ. ಸಂತೆಯ ಕೊಳೆತ ಕಾಯಿಪಲ್ಲೆ, ಬಾಳೆಯ ಪಟ್ಟೆ ಮುಂತಾದ ಸಕಲ ತ್ಯಾಜ್ಯವನ್ನೂ ಗುಂಡಿಗೆ ತುಂಬಿ, ನೀರುಣಿಸಿ, ಒಳಗಿನ ಕಾವನ್ನು ದಿನವೂ ಅಳೆಯುವುದು ನನ್ನ ಕಾಯಕ. ಕಾವೇರಿದರೆ ಕಸ ಕಳಿತು ಗೊಬ್ಬರವಾಗುತ್ತಿದೆ ಎಂದರ್ಥ. ಮೊದಲ ಗುಂಡಿ ಕೆಟ್ಟರೆ ಅಂಗಳ ಮುಚ್ಚಿ, ಹನುಮವ್ವನನ್ನೂ ಅವಳ ಜೊತೆಯ ನಾಲ್ವರು ಕೂಲಿ ಹೆಂಗಸರನ್ನೂ ಮನೆಗೆ ಕಳಿಸುವುದಾಗಿ ನಗರಸಭೆಯ ಸಾಹೇಬರು ಹೇಳಿ ಹೋಗಿದ್ದರು.

ನನ್ನ ಬಳಿ ಉದ್ದನೆಯ ಥರ್ಮಾಮೀಟರ್. ಹನುಮವ್ವನ ಬಳಿ ಕಬ್ಬಿಣದ ಸರಳು. ಅದನ್ನು ಗುಂಡಿಗೆ ಚುಚ್ಚಿ, ನಿಧಾನವಾಗಿ ಎಲೆಅಡಿಕೆ ಮೆದ್ದು, ಆಮೇಲೆ ಕಿತ್ತು ಕೈಯ ಹಿಂಬದಿಗೆ ತಾಗಿಸುವಳು.

ಕಾಲುವೆ ಕಂಡ ನಮ್ಮ ಸೀಮೆಯವರಿಗೊಂದು ಚಾಳಿ: ನೀರಿದೆಯೆಂದರೆ ಹಾಯಿಸದೆ ಇರಲಾರೆವು. ಕಂಪ್ಲಿಯ ಭತ್ತದ ಗದ್ದೆಗೆ ಒಪ್ಪುವ ಆ ಔದಾರ್ಯವನ್ನು ನಾನು ಗುಂಡಿಗೂ ಮೂರು ದಿನ ತೋರಿದೆ. ನಾಲ್ಕನೆಯ ದಿನ ಕಾವು ಸತ್ತು, ಪಕ್ಕದ ದಾರಿಯಲ್ಲಿ ಹೋಗುವ ಗಾದಿಗನೂರಿನ ಬಂಡಿಯ ಎತ್ತುಗಳೂ ಮುಖ ತಿರುಗಿಸುವಂಥ ದುರ್ಗಂಧ ಎದ್ದಿತು.

“ಜಳಕ ಮಾಡ್ಸಿ ಕೊಂದ್ರಲ್ರೀ ಯಜಮಾನ್ರ! ಮುಷ್ಟ್ಯಾಗ ಹಿಂಡಿದ್ರ ಬೆರಳಸಂದಿ ಒದ್ದಿ ಆಗ್ಬೇಕು, ನೀರು ಸುರೀಬಾರ್ದು,” ಎಂದಳು ಹನುಮವ್ವ.

ಐದು ಸಂಸಾರಗಳ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂಬ ನಾಚಿಕೆಯಿಂದ ನನಗೆ ಊಟವೇ ಸೇರಲಿಲ್ಲ. ಆ ಹೆಂಗಸರು ಮಾತ್ರ ಸೆರಗು ಕಟ್ಟಿ, ನೀರು ಬಸಿದು, ಕಬ್ಬಿನ ಒಣಸೋಗೆಯ ರವದಿ ಬೆರೆಸಿ, ಇಡೀ ಗುಂಡಿಯನ್ನೇ ಮಗುಚಿ ಹಾಕಿದರು. ಮೂಗು ಮುಚ್ಚಿಕೊಂಡು ನಾನೂ ಸಲಿಕೆ ಹಿಡಿದೆ.

ವಾರದ ಮೇಲೆ ತಪಾಸಣೆಗೆ ಬಂದ ಸಾಹೇಬರು, “ಕಾವು ಎಷ್ಟಿದೆ?” ಎಂದು ಕೇಳಿದರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಹನುಮವ್ವ ಗುಂಡಿಯಲ್ಲಿದ್ದ ಸರಳು ಕಿತ್ತು ಅವರ ಕೈಗೇ ಮುಟ್ಟಿಸಿದಳು. “ಅಯ್ಯಯ್ಯಪ್ಪೋ!” ಎಂಬ ಆ ಚೀತ್ಕಾರವೇ ನಮಗೆ ಮಂಜೂರಾತಿಯಾಯಿತು. “ಭೇಷ್!” ಎಂದು ನಾನು ಮೊದಲು ಕೂಗಿದ್ದು ಆಗಲೇ. ಐದೂ ಮಂದಿಯ ಕೆಲಸ ಉಳಿಯಿತು.

ಇಷ್ಟು ಹೇಳುತ್ತ ಮಗಳ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತಿದ್ದೆ ನೋಡಿ, ದಿಂಬು ತೊಯ್ದು ತೊಪ್ಪೆಯಾಗಿತ್ತು. “ಮತ್ತ ಕಾಲುವಿ ಬಿಟ್ರಿ ಏನ್ರೀ?” ಎಂದು ಹೆಂಡತಿ ಗದರಿದಳು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿದೆ, ಬೆರಳಸಂದಿ ಒದ್ದೆಯಾಗಿ ಉಳಿಯುವಷ್ಟು. ಬೆಳಕು ಹರಿಯುವ ಹೊತ್ತಿಗೆ ಕೈಯ ಹಿಂಬದಿಯನ್ನು ಮಗಳ ಹಣೆಗಿಟ್ಟೆ. ತಣ್ಣಗಿತ್ತು.

“ಭೇಷ್!” ಎಂದೆ. ಈ ಸಲ ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು.