ಹಗ್ಗ ದಾಟಿದ ಕಾಲು

ನಾನು ಡೆಟ್ರಾಯಿಟ್ ಹತ್ತಿರದ ಆನ್ ಆರ್ಬರ್‌ನಲ್ಲಿ ಫಿಸಿಯೋಥೆರಪಿಸ್ಟ್. ಆರ್ಥಿಕ ಹಿಂಜರಿತದ ಆ ಚಳಿಗಾಲ ಪಕ್ಕದೂರು ಪ್ಲಿಮತ್‌ನ ಆಫೀಸಿನವರು ನನ್ನ ಗಂಡನನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅಂಥ ಹೊತ್ತಿನಲ್ಲಿ, ಮಂಡಿ ಬದಲಾಯಿಸಿಕೊಂಡಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕ್ಲಿನಿಕ್‌ಗೆ ಬಂದರು. ಮೆಕ್ಸಿಕೋ ಮೂಲದವರು, ಷಿಕಾಗೋ, ಡೆಟ್ರಾಯಿಟ್‌ಗಳ ರಿಂಗ್‌ಗಳಲ್ಲಿ ಮೂವತ್ತು ವರ್ಷ ಕುಸ್ತಿ ಮಾಡಿದವರು. ಇನ್ನು ಆರು ವಾರಕ್ಕೆ ಡೆಟ್ರಾಯಿಟ್‌ನಲ್ಲಿ ಅವರಿಗೆ ಸನ್ಮಾನವಿತ್ತು. ಯಾರ ಸಹಾಯವೂ ಇಲ್ಲದೆ, ಸುತ್ತ ಕಟ್ಟಿರುವ ಮೂರು ಹಗ್ಗಗಳಲ್ಲಿ ನಡುವಿನದನ್ನು ದಾಟಿ ರಿಂಗಿನೊಳಗೆ ಹೋಗಬೇಕು ಎನ್ನುವುದೊಂದೇ ಅವರ ಹಠ.

"ಟಿವಿ ಕುಸ್ತಿ ತಾನೆ? ಯಾರು ಗೆಲ್ಲಬೇಕೂಂತ ಮೊದಲೇ ತೀರ್ಮಾನ ಮಾಡಿರ್ತಾರಲ್ಲ," ಎಂದುಬಿಟ್ಟೆ. ಮೈಸೂರಿನ ಗರಡಿ ಪೈಲ್ವಾನರ ಮೊಮ್ಮಗಳು ನಾನು. ಆ ಜಂಬ ಎಲ್ಲಿ ಹೋಗಬೇಕು?

ಅವರು ನಕ್ಕರು. "ಹೌದು ಡಾಕ್ಟರ್. ಒಂಬತ್ತು ವರ್ಷ ನಾನು ಸೋಲ್ಬೇಕೂಂತಲೇ ತೀರ್ಮಾನ. ಮೆಕ್ಸಿಕೋದವನು ಗೆದ್ರೆ ನೋಡೋಕೆ ಯಾರು ಬರ್ತಾರೆ ಅನ್ನೋರು ಆಟ ನಡೆಸೋರು. ನಾನು ಎಷ್ಟು ಚೆನ್ನಾಗಿ ಸೋಲ್ತಿದ್ದೆ ಅಂದ್ರೆ, ಷಿಕಾಗೋದಲ್ಲಿ ಜನ ಎದ್ದು ನಿಂತು ನನ್ನ ಹೆಸರೇ ಕೂಗಿದ್ರು. ಕೊನೆಗೆ ತೀರ್ಮಾನ ಬದಲಾಯಿಸ್ಲೇಬೇಕಾಯ್ತು. ಅಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದ ನಮ್ಮ ಜನರಲ್ಲಿ ನಾನೇ ಮೊದಲನೆಯವನು."

ನನಗೆ ನಾಚಿಕೆಯಾಯಿತು. ನಮ್ಮಜ್ಜ ಎದುರಾಳಿಯನ್ನು ಕೆಡವಿದರೆ ಸಾಕಿತ್ತು. ಇವರು ತೀರ್ಮಾನ ಮಾಡುವವರನ್ನೇ ಕೆಡವಿದ್ದರು.

ಅಂದಿನಿಂದ ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಎರಡು ಕಂಬಿಗಳ ನಡುವೆ ಕಟ್ಟಿ ದಾಟಿಸತೊಡಗಿದೆ. ಮೊದಲು ಒಂದು ಗೇಣು, ಆಮೇಲೆ ಮೊಣಕಾಲಿನಷ್ಟು, ಕೊನೆಗೆ ಪಟ್ಟಿಯನ್ನು ಹಗ್ಗದ ಪೂರ್ತಿ ಎತ್ತರಕ್ಕೇ ಕಟ್ಟಿದೆ. ಬೈದೆ, ಪುಸಲಾಯಿಸಿದೆ. ಕೊನೆಯ ದಿನ ಅವರು ಪಟ್ಟಿಯನ್ನು ತಾವೇ ಬಿಚ್ಚಿ ನನ್ನ ಕೈಗಿಟ್ಟು ಹೊರಟುಹೋದರು.

ಸನ್ಮಾನದ ಭಾನುವಾರ ಮಧ್ಯಾಹ್ನ ಗಂಡ, ಮಗಳೊಂದಿಗೆ ಹೋದೆ. ಹಾಲ್ ತುಂಬಾ ಕಾರ್ಖಾನೆಯ ಜಾಕೆಟ್ ತೊಟ್ಟ ಜನ. ಅವರಲ್ಲಿ ಎಷ್ಟೋ ಮಂದಿಗೆ ಈಗ ಕಾರ್ಖಾನೆ ಇರಲಿಲ್ಲ. ಮೆಕ್ಸಿಕೋ ಮೂಲದ ಇಬ್ಬರು ಯುವ ಕುಸ್ತಿಪಟುಗಳು ಗೌರವದಿಂದ ಹಗ್ಗವನ್ನು ಕೆಳಕ್ಕೆ ಅದುಮಿ ದಾರಿ ಮಾಡಿದರು. ಹಿರಿಯರು ಬೇಡವೆಂದು ಕೈಯಾಡಿಸಿ, ಒಬ್ಬರೇ ಕಾಲೆತ್ತಿದರು. ಹಿಮ್ಮಡಿ ಹಗ್ಗಕ್ಕೆ ತಗುಲಿ ನಿಂತಿತು.

"ಎತ್ರೀ! ಸೊಂಟದಿಂದ ಎತ್ರೀ!" ಕನ್ನಡದಲ್ಲೇ ಕಿರುಚಿದೆ.

"ಅಮ್ಮಾ, ಸಿಟ್ ಡೌನ್!" ಎಂದು ಮಗಳು ನನ್ನ ಕೋಟು ಜಗ್ಗಿದಳು.

ಕಾಲು ದಾಟಿತು. ಅವರು ರಿಂಗಿನ ನಡುವೆ ನೆಟ್ಟಗೆ ನಿಂತರು. ಇಡೀ ಹಾಲ್ ಅವರ ಹೆಸರು ಕೂಗಿತು. ನಾನೂ ಗಂಟಲು ಹರಿಯುವಂತೆ ಕೂಗಿದೆ, ಸಂತೋಷಕ್ಕೆ ಅತ್ತೆ.

ಕೆಲಸ ಹೋದಾಗಿನಿಂದ ನಗುವುದನ್ನೇ ಬಿಟ್ಟಿದ್ದ ಗಂಡ ನನ್ನನ್ನು ಕೆಣಕಿದರು: "ಇದೂ ಮೊದಲೇ ತೀರ್ಮಾನ ಆಗಿತ್ತೇನೇ?"

"ಸುಮ್ನಿರಿ," ಎಂದೆ ಕಣ್ಣೊರೆಸಿಕೊಳ್ಳುತ್ತಾ. "ಕ್ಲಿನಿಕ್‌ನಲ್ಲಿ ಅಷ್ಟೆತ್ತರ ಒಂದ್ಸಲನೂ ದಾಟಿರ್ಲಿಲ್ಲ ಅವರು."