ನಡುವಿನಿಂದ ಬಿಗಿಯುವ ಬೋಲ್ಟುಗಳು

ನನ್ನ ಹೆಂಡತಿ ತೀರಿಕೊಂಡ ಮೂರನೆಯ ತಿಂಗಳಲ್ಲಿ ಕುರ್ಲಾದ ಮೆಕ್ಯಾನಿಕ್ ಫೋನ್ ಮಾಡಿದ. ಅವಳ ಗಾಡಿಯ ಎಂಜಿನ್ ಮರುಜೋಡಣೆಯ ಹಂತಕ್ಕೆ ಬಂದಿತ್ತು. "ನೀವು ಬರದೆ ನಾನು ಮುಚ್ಚುದಿಲ್ಲ ಭಾವ" ಎಂದ.

ಆ ಗಾಡಿ ಅವಳ ಅಪ್ಪನದು. ಬೈಕುಲ್ಲಾ ಮಾರ್ಕೆಟ್ಟಿನಿಂದ ತಮ್ಮ ಹೋಟೆಲಿಗೆ ತರಕಾರಿ ಸಾಗಿಸಲು ಅವರು ಇಟ್ಟುಕೊಂಡಿದ್ದ ಹಳೆಯ ಪಿಕಪ್. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಉದ್ದನೆಯ ಎಂಜಿನ್. ಅಪ್ಪ ಹೋದ ಮೇಲೆ ಅವಳು ಅದನ್ನು ಮಾರಲಿಲ್ಲ. ಘಾಟಿಯಲ್ಲಿ ಏದುಸಿರು ಬಿಡುವ ಆ ಎಂಜಿನ್ನಿನ ಬಲ ಹೆಚ್ಚಿಸಬೇಕೆಂದು ಹಟ ಹಿಡಿದಳು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು, ದೊಡ್ಡ ವಾಲ್ವುಗಳು, ಹೊಸ ಕ್ಯಾಮ್‌ಶಾಫ್ಟ್. ನಾಲ್ಕು ವರ್ಷ, ಭಾನುವಾರ ಬಂತೆಂದರೆ ಮುಲುಂಡಿನ ಮನೆಯಿಂದ ಲೋಕಲ್ ರೈಲು ಹಿಡಿದು ಕುರ್ಲಾಕ್ಕೆ ಹೊರಡುತ್ತಿದ್ದಳು.

ನಾನು ಧಾರವಾಡದವನು. ಕಚೇರಿಯೊಂದರ ದಾಖಲೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಗಾಡಿ ಓಡಿಸಲು ಬರುವುದಿಲ್ಲ. ಎರಡು ಸಲ ಅವಳ ಜೊತೆ ಗ್ಯಾರೇಜಿಗೆ ಹೋಗಿದ್ದೆ. ಅವಳೂ ಮೆಕ್ಯಾನಿಕನೂ ಎಂಜಿನ್ನಿನ ಮೇಲೆ ಬಗ್ಗಿ ತಮ್ಮ ತುಳುವಿನಲ್ಲಿ ಮಾತಾಡುತ್ತಿದ್ದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ತುಳು ಕಲಿಯಲಿಲ್ಲ. ಅವಳು ಅಲ್ಲಿ ನಕ್ಕ ಹಾಗೆ ಮನೆಯಲ್ಲಿ ನಕ್ಕಿದ್ದನ್ನು ಕಾಣೆ.

"ಅಷ್ಟ್ಯಾಕ ನಗೂದು?" ಎಂದೆ.

"ವಾಲ್ವಿನ ವಿಷಯ. ನಿಮಗೆ ಅರ್ಥ ಆಗುದಿಲ್ಲ" ಎಂದಳು.

ಆಮೇಲೆ ನಾನು ಹೋಗಲಿಲ್ಲ. ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ಚಿಕ್ಕವನು, ಅವಳನ್ನು ಅಕ್ಕ ಎನ್ನುತ್ತಿದ್ದ. ನನ್ನ ಸಂಶಯ ಅಂಥದ್ದಲ್ಲ. ಆ ನಗು ಅವನ ಪಾಲಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು, ಅಷ್ಟೆ. ಆಸ್ಪತ್ರೆಯ ಮಂಚದ ಮೇಲೂ ಅವಳು ಕೇಳಿದ್ದು, ಗ್ಯಾಸ್ಕೆಟ್ ಬಂತಾ ಎಂದು. ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ ಅದು. ಆ ಹಳೆಯ ಎಂಜಿನ್ನಿಗೆ ಹೊಂದುವಂಥದ್ದನ್ನು ಊರೂರಿಗೆ ಬರೆದು ಹುಡುಕಿಸಿದ್ದಳು. ಅವಳು ತೀರಿಕೊಂಡ ವಾರವೇ ಅದು ಬಂತು.

ನಾನು ಗ್ಯಾರೇಜ್ ತಲುಪಿದಾಗ ಮೆಕ್ಯಾನಿಕ್ ಗ್ಯಾಸ್ಕೆಟ್ ಹಾಸಿ, ಹೆಡ್ ಇಳಿಸಿ, ಬೋಲ್ಟುಗಳನ್ನು ಬೆರಳಲ್ಲೇ ತಿರುಗಿಸಿ ನಿಲ್ಲಿಸಿದ್ದ. ಅವನ್ನು ಬಿಗಿಯುವ ಪಾನಾ ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ಇಲ್ಲಿಂದ ಅಕ್ಕನ ಕೆಲಸ. ಹೆಡ್ ಬಿಗಿಯುದು ನಾನೇ ಅಂತ ಹೇಳಿಟ್ಟಿದ್ರು. ಕೈಯೇ ಬರುದಿಲ್ಲ ಭಾವ. ಚಾ ತರ್ತೇನೆ, ಕೂತ್ಕೊಳ್ಳಿ" ಎಂದು ಮುಖ ತಿರುಗಿಸಿ ಹೊರಗೆ ಹೋದ.

ಸತ್ತದ್ದು ನನ್ನ ಹೆಂಡತಿ, ಕೈ ಬಾರದೆ ನಿಂತವನು ಅವನು! ಅವಳು ಬಿಟ್ಟ ಕೆಲಸ ನನ್ನದಲ್ಲದೆ ಇನ್ನಾರದು ಎಂದುಕೊಂಡು ಪಾನಾ ಎತ್ತಿಕೊಂಡೆ. ಕಡತಗಳನ್ನು ಒಂದನೆಯದರಿಂದ ಕೊನೆಯದರವರೆಗೆ ಜೋಡಿಸಿ ಬಾಳಿದವನು ನಾನು. ಮುಂದಿನ ತುದಿಯಿಂದ ಶುರು ಮಾಡಿ, ಒಂದೊಂದು ಬೋಲ್ಟನ್ನೂ ಮೈಭಾರವೆಲ್ಲ ಹಾಕಿ ಬಿಗಿಯುತ್ತ ಹೋದೆ. ಅವನು ಚಹಾ ಹಿಡಿದು ಬರುವಷ್ಟರಲ್ಲಿ ಅರ್ಧ ಮುಗಿದಿತ್ತು.

"ಎಂತ ಮಾಡಿದ್ರಿ ಮಾರಾಯ್ರೆ! ಇದು ಟಿಫಿನ್ ಡಬ್ಬಿಯಾ? ನಡುವಿನಿಂದ ಸುರು ಮಾಡ್ಬೇಕು. ಆಚೆ ಒಂದು, ಈಚೆ ಒಂದು, ಸ್ವಲ್ಪ ಸ್ವಲ್ಪ, ಮೂರು ಸುತ್ತು. ಇಷ್ಟುದ್ದದ ಹೆಡ್ಡನ್ನು ತುದಿಯಿಂದ ಹಿಡಿದ್ರೆ ಗ್ಯಾಸ್ಕೆಟ್ ಉಳೀತದಾ?"

"ನನಗ ಯಾರ್ ಹೇಳ್ಯಾರ್ರಿ?"

"ಕೇಳ್ಬೇಕಲ್ಲ! ಅಕ್ಕ ಒಂದು ವರ್ಷ ಬರೀ ಕೇಳಿದ್ರು. ಮತ್ತೆಯೇ ಪಾನಾ ಮುಟ್ಟಿದ್ದು."

ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ಟಿನ ಒಂದು ಅಂಚು ನಜ್ಜಾಗಿತ್ತು. ಅವಳು ಹುಡುಕಿಸಿದ ವಸ್ತುವನ್ನು ಹಾಳು ಮಾಡಿದೆ ಎಂದು ಸಂಕಟವಾಯಿತು. ಅದರ ಅಡಿಯಲ್ಲಿ ಒಂದು ಸಣ್ಣ ಸಮಾಧಾನವೂ ಇತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು. ಅವಳಿಲ್ಲದೆ ಅವನೊಬ್ಬನೇ ಆ ಎಂಜಿನ್ನಿನ ಸದ್ದು ಕೇಳುವುದು ತಪ್ಪಿತಲ್ಲ.

ಇನ್ನೊಂದು ಗ್ಯಾಸ್ಕೆಟ್ ಸಿಗಲು ಎರಡು ತಿಂಗಳು ಬೇಕಾಯಿತು. ಅದು ಬಂದ ಭಾನುವಾರ ಅವನು ಪಾನಾವನ್ನು ನನ್ನ ಕೈಗೇ ಕೊಟ್ಟ. "ನಾನು ತೋರಿಸಿದ್ದನ್ನು ಮಾತ್ರ" ಎಂದ. ಮೂರು ಸುತ್ತು ಅವನು ಬೆರಳಿಟ್ಟ ಬೋಲ್ಟನ್ನೇ ಬಿಗಿದೆ. ಉಳಿದದ್ದನ್ನೆಲ್ಲ ಅವನು ಜೋಡಿಸಿ ಚಾಲೂ ಮಾಡುವಾಗ ಸಂಜೆಯಾಗಿತ್ತು. ಎಂಜಿನ್ ಎರಡು ಸಲ ಕೆಮ್ಮಿ, ಆಮೇಲೆ ಸಮನಾಗಿ ಓಡಿತು. ಇಬ್ಬರೂ ನಿಂತು ಕೇಳಿದೆವು.

ಅವನೇ ಅದನ್ನು ಆರಿಸಿ, ಕೈ ಒರೆಸಿಕೊಳ್ಳುತ್ತ, "ಮನೆಯಲ್ಲಿ ಅಕ್ಕ ಹೇಗಿರ್ತಿದ್ರು ಭಾವ? ಇಲ್ಲಿ ಗಾಡಿ ಬಿಟ್ಟು ಬೇರೆ ಒಂದು ಮಾತು ಆಡ್ತಿರ್ಲಿಲ್ಲ" ಎಂದು ಕೇಳಿದ.

ಹಾಲು ಕಾಸಿದ ಪಾತ್ರೆಯ ತಳವನ್ನು ನಿಂತುಕೊಂಡೇ ಕೆರೆದು ತಿನ್ನುತ್ತಿದ್ದಳು. ನಾನು ಸ್ನಾನಕ್ಕೆ ಹೋದಾಗ ನನ್ನ ಕನ್ನಡಕ ಒರೆಸಿಡುತ್ತಿದ್ದಳು. ಸಿಟ್ಟು ಬಂದರೆ ಎರಡು ದಿನ ಧಾರವಾಡದ ಮಾತಿನಲ್ಲಿ ನನ್ನನ್ನು ಅಣಕಿಸುತ್ತಿದ್ದಳು. ಅವನು ಕಾಯುತ್ತಿದ್ದ.

"ಹೀಂಗ ಇದ್ದಳ್ರಿ, ಎಲ್ಲಾರ ಹಂಗ" ಎಂದು ಹೇಳಿ ನಾನು ಸ್ಟೇಷನ್ನಿನ ಕಡೆ ಹೊರಟೆ.