ರಂಗೋಲಿಯ ಹಳದಿ

ದಸರೆಗೆ ಮೊದಲು ಬೆಳ್ಳಿ ಸಾಮಾನು ತಿಕ್ಕುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಈ ಸಲವೂ ರಾಮತೀರ್ಥ ನಗರದ ಮನೆಯ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು, ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ಕಪ್ಪಾಗಿದ್ದ ಆರತಿ ತಟ್ಟೆಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದೆ. ಅರಿವೆಗೆ ಕಪ್ಪು ಬಂತು, ಬೆರಳಿಗೂ ಬಂತು. ಗಾಳಿಯಲ್ಲಿರುವ ಗಂಧಕ ಬೆಳ್ಳಿಗೆ ಹತ್ತಿಕೊಂಡು ಆಗುವ ಕಪ್ಪು ಅದು. ಹಾಗೆಂದು ಹೇಳಿಕೊಟ್ಟವರು ನಮ್ಮ ಕಾಲೇಜಿನ ಮೇಡಂ. ನೆನಪಾದದ್ದೇ ತಡ, ಎಂಥ ಸಿಟ್ಟು ಬಂತೆಂದರೆ ತಟ್ಟೆಯನ್ನು ಬಕೀಟಿಗೆ ಒಗೆದು ಎದ್ದುಬಿಟ್ಟೆ. ಸಪ್ಪಳಕ್ಕೆ ಮಗಳು ಒಳಗಿನಿಂದ ಓಡಿಬಂದಳು.

"ಏನಾತ ಮಮ್ಮಿ?"

"ಏನಿಲ್ಲ" ಅಂದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅದನ್ನೇ ಹೇಳುತ್ತ ಬಂದಿದ್ದೇನೆ.

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮೇಡಂ ಭೂವಿಜ್ಞಾನ ಕಲಿಸುತ್ತಿದ್ದರು. ಕಾಯಂ ನೌಕರಿಯಲ್ಲ, ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಹರದ ಹಳೇ ಜೈನ ಮನೆತನದವರು. ನೂಲಿನ ಸೀರೆ, ಬಿಗಿದು ಹಾಕಿದ ಹೆರಳು, ಹೊತ್ತು ಮುಳುಗುವುದರೊಳಗೆ ಊಟ. ಮಾತು ಎಷ್ಟು ಮೆತ್ತಗೆಂದರೆ ಹಿಂದಿನ ಬೆಂಚಿನವರು ಗಲಾಟೆ ನಿಲ್ಲಿಸಿ ಕಿವಿಗೊಡಬೇಕು. ಆದರೆ ಕೈಯಲ್ಲಿ ಸುತ್ತಿಗೆ ಹಿಡಿದರೆಂದರೆ ಬಂಡೆ ಎಲ್ಲಿ ಒಡೆಯುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು.

ಅವರಿಗೆ ಒಂದೇ ಹುಚ್ಚು, ಗಂಧಕದ್ದು. ಗಂಧಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲವಂತೆ. ಹಗುರವಾದವು ಬಹಳ, ಭಾರವಾದವು ಸ್ವಲ್ಪ. ಸಮುದ್ರ, ಕೆಸರು, ಕಣ್ಣಿಗೆ ಕಾಣದ ಜೀವಿಗಳು, ಇವುಗಳ ಕೈಗೆ ಸಿಕ್ಕ ಗಂಧಕದಲ್ಲಿ ಆ ಪ್ರಮಾಣ ಏರುಪೇರಾಗುತ್ತದೆ. ಆಕಾಶದಿಂದ ಬಿದ್ದ ಉಲ್ಕೆಯ ಗಂಧಕ ಹೆಚ್ಚುಕಡಿಮೆ ಹುಟ್ಟಿದ ಹಾಗೇ ಇರುತ್ತದೆ. ಅದಕ್ಕೇ ಜಗತ್ತಿನ ಗಂಧಕವನ್ನೆಲ್ಲ ಅಳೆಯುವಾಗ ಒಂದು ಉಲ್ಕೆಯ ಗಂಧಕವನ್ನೇ ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ನಮ್ಮ ಕಾಲ ಕೆಳಗೆ, ಬಹಳ ಆಳದಲ್ಲಿರುವ ಮ್ಯಾಂಟಲ್ ಎಂಬ ಪದರದ ಗಂಧಕವೂ ಆ ಸೊನ್ನೆಯ ಹತ್ತಿರವೇ ಇರುತ್ತದೆ. ಇದನ್ನು ಹೇಳುವಾಗ ಮೇಡಂ ಮುಖ ನೋಡಬೇಕಿತ್ತು.

"ಮ್ಯಾಲಿಂದ ಬಿದ್ದದ್ದು, ಕೆಳಗಿಂದ ಎದ್ದದ್ದು... ಎರಡೂ ಒಂದ ಮನಿತನದವು ಹೌದೋ ಅಲ್ಲೋ, ನಮ್ಮ ಜಿಲ್ಲಾದ ಕಲ್ಲಿನ್ಯಾಗ ನೋಡೂಣು" ಎನ್ನುತ್ತಿದ್ದರು.

ಕೆಳಗಿನಿಂದ ಎದ್ದ ಕಲ್ಲು ಗುಂಜಿ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಸ್ಟೇಶನ್ನಿನಿಂದ ಹಳಿಯ ಪಕ್ಕದಲ್ಲೇ ನಡೆದು, ಕಾಡಿನ ಅಂಚಿನಲ್ಲಿ ಮೇಡಂ ಒಂದು ಕಪ್ಪು ಬಂಡೆಗೆ ಪೆಟ್ಟು ಕೊಟ್ಟರು. ಒಳಗೆ ಹಿತ್ತಾಳೆ ಬಣ್ಣದ ಚುಕ್ಕಿಗಳಿದ್ದವು, ಅದೇ ಗಂಧಕದ ಖನಿಜ. ಮೇಲಿನಿಂದ ಬಿದ್ದದ್ದು ನಂದಗಡದ ಒಬ್ಬ ಕುರುಬರ ಅಜ್ಜಿಯ ಮನೆಯಲ್ಲಿತ್ತು. ಅಜ್ಜಿಯ ಮಾವ ಕುರಿ ಮೇಯಿಸುವಾಗ ಕಣ್ಣೆದುರೇ ಬಿದ್ದ ಕಲ್ಲಂತೆ. ದೊಡ್ಡ ಕಲ್ಲನ್ನು ಹಿಂದೆಯೇ ಯಾರೋ ಸಾಹೇಬರು ಒಯ್ದಿದ್ದರು. ಅಡಿಕೆ ಗಾತ್ರದ ಒಂದು ಚೂರು ಮಾತ್ರ ದೀಪದ ಗೂಡಿನಲ್ಲಿ ಉಳಿದಿತ್ತು. ಮೇಡಂ ಮೂರು ಸಲ ಹೋದರು. ಕಲ್ಲು ಕೇಳಲಿಲ್ಲ, ಸುಮ್ಮನೆ ಕುಳಿತು ಮಾತಾಡಿ ಬಂದರು. ಮೂರನೇ ಸಲ ಅಜ್ಜಿ ತಾನಾಗಿಯೇ ಗೂಡಿನಿಂದ ತೆಗೆದು ಕೊಟ್ಟಳು.

"ಒಯ್ಯವಾ ತಂಗಿ. ಆದ್ರ ಅದು ಏನ ಹೇಳತೈತಿ ಅನ್ನೂದು ಬಂದು ನನಗ ಹೇಳಬೇಕು ನೋಡ."

ಇಷ್ಟಕ್ಕೇ ಮುಗಿಯಲಿಲ್ಲ. ಕಲ್ಲಿನಿಂದ ಗಂಧಕ ಬಿಡಿಸಬೇಕೆಂದರೆ ಪುಡಿಯನ್ನು ಆಮ್ಲದಲ್ಲಿ ಕುದಿಸಿ, ಏಳುವ ಅನಿಲವನ್ನು ಬೆಳ್ಳಿ ಕರಗಿಸಿದ ನೀರಿಗೆ ಹಾಯಿಸಬೇಕು. ಆಗ ತಳದಲ್ಲಿ ಕಪ್ಪು ಪುಡಿ ಕೂಡುತ್ತದೆ. ಆ ಪುಡಿಯನ್ನು ದೂರದ ಒಂದು ಸಂಶೋಧನಾ ಕೇಂದ್ರಕ್ಕೆ ಕಳಿಸಿದರೆ ಅವರು ಅಳೆದು ಹೇಳುತ್ತಾರೆ. ಎರಡೂ ಮಾದರಿ ಸರಿಯಾಗಿ ಬಂದರೆ ಮೇಡಂಗೆ ಅಲ್ಲೇ ಸಂಶೋಧನೆಗೆ ಜಾಗ ಕೊಡುವುದಾಗಿ ಕೇಂದ್ರದವರು ಬರೆದಿದ್ದರು. ಬೆಳ್ಳಿಯ ದ್ರಾವಣಕ್ಕೆ ಕಾಲೇಜಿನಲ್ಲಿ ಮಂಜೂರಾತಿ ಸಿಗಲಿಲ್ಲ. ಮೇಡಂ ತಮ್ಮ ಕಾಲಗೆಜ್ಜೆಗಳನ್ನು ತಂದು ನೈಟ್ರಿಕ್ ಆಮ್ಲದಲ್ಲಿ ಹಾಕಿ, ತಾಮ್ರದ ಬೆರಕೆ ತೆಗೆದು, ದ್ರಾವಣ ತಾವೇ ಮಾಡಿಕೊಂಡರು. ಗೆಜ್ಜೆ ಕರಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ...

ಈಗ ವಿಭಾಗದ ಮುಖ್ಯಸ್ಥರ ಕಥೆ. ಅವರ ಬಗ್ಗೆ ಬರೆಯುವಾಗ ನನ್ನ ಪೆನ್ನು ಕಾಗದ ಹರಿಯುತ್ತದೆ. ಕಲ್ಲು ಒಡೆಯಲು ಅವರು ಬಿಸಿಲಿಗೆ ಹೋದದ್ದನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಅವರ ಹೆಮ್ಮೆಯೆಲ್ಲ ಖಂಡೇ ನವಮಿಯ ರಂಗೋಲಿ. ಎಲ್ಲ ವಿಭಾಗದವರೂ ಆಯುಧಪೂಜೆ ಮಾಡುತ್ತಿದ್ದರು. ನಮ್ಮಲ್ಲಿ ಮಾತ್ರ ರಂಗೋಲಿಗೆ ಖನಿಜಗಳನ್ನೇ ಅರೆದು ಬಣ್ಣ ಮಾಡಬೇಕು. ಕೆಂಪಿಗೆ ಕಬ್ಬಿಣದ ಅದಿರು, ಕಪ್ಪಿಗೆ ಮ್ಯಾಂಗನೀಸು, ಬಿಳಿಗೆ ಸುಣ್ಣದ ಕಲ್ಲು. ಹಳದಿಗೆ ಗಂಧಕ. ಪೇಪರಿನವರು ಬಂದು ಫೋಟೋ ತೆಗೆಯುತ್ತಿದ್ದರು.

ಆ ವರ್ಷ ಗುಂಜಿಯ ಕಲ್ಲಿನ ಕೆಲಸ ಮುಗಿಸಿ, ಅಜ್ಜಿಯ ಚೂರನ್ನು ರಜೆಯ ನಂತರ ಅರೆಯೋಣವೆಂದು ಇಟ್ಟು, ಮೇಡಂ ತಮ್ಮ ಖೋಲಿಗೆ ಬೀಗ ಹಾಕಿ ಹೋಗಿದ್ದರು. ಮಾದರಿ ಅರೆಯುವ ಅವರ ಪುಟ್ಟ ಕಲ್ಬತ್ತು, ಅಗೇಟ್ ಕಲ್ಲಿನ ಕುಟ್ಟಾಣಿ, ಒಳಗಿತ್ತು. ನವಮಿಯ ಹಿಂದಿನ ದಿನ ಮುಖ್ಯಸ್ಥರು ಗಂಧಕದ ಗಡ್ಡೆಯನ್ನೂ ಆ ಖೋಲಿಯ ಇನ್ನೊಂದು ಕೀಲಿಯನ್ನೂ ನನ್ನ ಕೈಗಿಟ್ಟರು.

"ಆ ಬಾಯಿ ಖೋಲ್ಯಾಗ ಛಲೋ ಕಲ್ಬತ್ತು ಅದ. ಅದರಾಗ ಅರಿ. ನುಣ್ಣಗ ಆಗತದ."

"ಮೇಡಂ ಯಾರೂ ಮುಟ್ಟಬ್ಯಾಡ್ರಿ ಅಂದಾರ್ರಿ ಸರ್."

"ಈ ವಿಭಾಗಕ್ಕ ಮುಖ್ಯಸ್ಥ ಯಾರು? ಅವರೋ, ನಾನೋ?"

ಅರೆದೆ. ಹೆದರಿ ಅರೆದೆ ಎಂದು ಹೇಳಿಕೊಳ್ಳಬಹುದಿತ್ತು, ಪ್ರಾಕ್ಟಿಕಲ್ ಅಂಕ ಅವರ ಕೈಯಲ್ಲಿತ್ತಲ್ಲ. ಖರೇ ಹೇಳಬೇಕೆಂದರೆ ಖುಷಿಯಿಂದಲೂ ಅರೆದೆ. ರಂಗೋಲಿ ಹಾಕಲು ಅಷ್ಟು ಹುಡುಗಿಯರಲ್ಲಿ ನನ್ನನ್ನೇ ಆರಿಸಿದ್ದರು. ಮರುದಿನದ ಫೋಟೋದಲ್ಲಿ ನಾನೂ ಇದ್ದೆ, ಹಳದಿ ಎಸಳುಗಳ ಪಕ್ಕದಲ್ಲಿ ಹಲ್ಲು ಕಿರಿದುಕೊಂಡು.

ರಜೆ ಮುಗಿಸಿ ಬಂದ ಮೇಡಂ ಎಂದಿನಂತೆ ಕಲ್ಬತ್ತನ್ನು ನೀರಲ್ಲಿ ತೊಳೆದರು, ಆಮ್ಲದಲ್ಲಿ ತೊಳೆದರು. ಗಂಧಕ ನೀರಿಗೂ ಜಗ್ಗುವುದಿಲ್ಲ, ತೊಳೆಯುವ ಆ ಆಮ್ಲಕ್ಕೂ ಜಗ್ಗುವುದಿಲ್ಲ. ಕಲ್ಲಿನ ಪುಡಿ ಕುದಿಸುವ ಆಮ್ಲವೇ ಬೇರೆ, ಅದಕ್ಕೆ ಮಾತ್ರ ಅನಿಲವಾಗಿ ಏಳುತ್ತದೆ. ಕಲ್ಬತ್ತಿನ ತಳದಲ್ಲಿ ಕೂದಲೆಳೆಯಂಥ ಒಂದು ಬಿರುಕಿತ್ತು. ನಾನು ಪಕ್ಕದಲ್ಲಿ ನಿಂತು ತಂಬಿಗೆಯಿಂದ ನೀರು ಹಾಕುತ್ತಿದ್ದೆ. ಒಂದು ಮಾತು ಸಾಕಿತ್ತು. ಹೇಳಿದ್ದರೆ ಅವರು ಬೇರೆ ಕಲ್ಬತ್ತು ಹುಡುಕುತ್ತಿದ್ದರು, ಅಷ್ಟೇ. ತೊಳೆದಿದ್ದಾರಲ್ಲ, ಹೋಗಿರುತ್ತದೆ ಬಿಡು ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಅಜ್ಜಿಯ ಚೂರು ಪೂರ್ತಿ ಪುಡಿಯಾಯಿತು.

ಆಮ್ಲ ಕುದಿಯಿತು. ಕೊಳೆತ ತತ್ತಿಯ ವಾಸನೆ ಖೋಲಿ ತುಂಬ. ಬೆಳ್ಳಿಯ ನೀರು ಕಪ್ಪಾಗಿ, ತಳದಲ್ಲಿ ಪುಡಿ ಕೂಡತೊಡಗಿತು. ತತ್ತಿ ಮುಟ್ಟದ ಮನೆಯ ಮೇಡಂ ಮೂಗಿಗೆ ಸೆರಗೂ ಹಿಡಿಯದೆ ಬಗ್ಗಿ ನೋಡುತ್ತಿದ್ದರು.

"ಇಷ್ಟ ಬರತೈತಿ ಅಂತ ನಾ ಅಂದಕೊಂಡಿರಲಿಲ್ಲವಾ! ನೋಡ ಇಲ್ಲೆ, ಆಕಾಶದ ಕಾಡಿಗಿ" ಎಂದರು.

ಇಷ್ಟು ಯಾಕೆ ಬಂತೆಂದು ನನಗೆ ಆ ಕ್ಷಣವೇ ಹೊಳೆಯಿತು. ಆಗಲೂ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ಕೇಂದ್ರದಿಂದ ಪತ್ರ ಬಂತು. ಗುಂಜಿಯ ಕಲ್ಲು ಸೊನ್ನೆಯ ಹತ್ತಿರವೇ ಇದೆ, ಚೆನ್ನಾಗಿದೆ. ಇನ್ನೊಂದು ಎಲ್ಲೋ ದೂರ ಹೋಗಿದೆ. ಇದು ಉಲ್ಕೆಯಲ್ಲ, ಇಲ್ಲವೇ ಮಾದರಿ ಕೆಟ್ಟಿದೆ. ಕೆಲಸದ ಶುಚಿತ್ವದ ಬಗ್ಗೆ ಅನುಮಾನವಿರುವುದರಿಂದ ಜಾಗದ ವಿಚಾರ ಸದ್ಯಕ್ಕೆ ಬಿಡುವುದು ಒಳ್ಳೆಯದು. ಪತ್ರ ವಿಭಾಗದ ವಿಳಾಸಕ್ಕೆ ಬಂದಿತ್ತು. ಮುಖ್ಯಸ್ಥರು ಒಡೆದು, ನಮ್ಮೆಲ್ಲರ ಮುಂದೆ ಗಟ್ಟಿಯಾಗಿ ಓದಿ, "ಗುಡ್ಡಾ ಅಗದು ಇಲಿ ಹಿಡದ್ರು ನೋಡ್ರಿ ನಮ್ಮ ಬಾಯಾರು" ಎಂದು ನಕ್ಕರು. ಕೆಲವರು ಜೊತೆಗೆ ನಕ್ಕರು.

ಮೇಡಂ ಪತ್ರವನ್ನು ಇಸಿದುಕೊಂಡು ಮಡಚಿದರು. ಖೋಲಿಗೆ ಹೋಗಿ ಭೂತಗನ್ನಡಿ ಹಿಡಿದು ಕುಳಿತರು. ಒಂದು ತಾಸಿನ ಮೇಲೆ ಕಲ್ಬತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಖ್ಯಸ್ಥರ ಮೇಜಿನ ಮೇಲಿಟ್ಟು, ಬಿರುಕಿನೊಳಗಿನ ಹಳದಿ ಎಳೆಯನ್ನು ತೋರಿಸಿದರು.

"ಇದರಾಗ ರಂಗೋಲಿ ಹಳದಿ ಅರದಾರ್ರಿ ಸರ್."

"ಯಾರು ಅರದಾರ? ನಿಮ್ಮ ಖೋಲಿಗೆ ಬೀಗ ಇತ್ತಲ್ಲರೀ?" ಎಂದು ಅವರು ನನ್ನನ್ನು ಒಳಗೆ ಕರೆದರು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು, "ರಂಗೋಲಿ ಹಾಕಿದಾಕಿ ನೀ. ಈ ಕಲ್ಬತ್ತು ಮುಟ್ಟಿದ್ದೇನು?"

ಕೀಲಿ ಕೊಟ್ಟವರೇ ಕೇಳುತ್ತಿದ್ದರು! ಎಂಥ ಮನುಷ್ಯ! ಇವತ್ತಿಗೂ ಆ ಮುಖ ನೆನೆದರೆ ಮೈ ಉರಿಯುತ್ತದೆ.

"ಇಲ್ಲರಿ ಸರ್" ಅಂದೆ.

ಮೇಡಂ ನನ್ನನ್ನೇ ನೋಡಿದರು. ನಾನು ಕಲ್ಬತ್ತನ್ನು ನೋಡುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಜೂನ್‌ನಲ್ಲಿ ಅವರಿಗೆ ಆದೇಶ ಬರಲಿಲ್ಲ. ನಂದಗಡಕ್ಕೆ ಒಬ್ಬರೇ ಹೋಗಿ, ಅಜ್ಜಿಯ ಮುಂದೆ ಕುಳಿತು, ನಿಮ್ಮ ಕಲ್ಲು ನನ್ನ ಕೈಯಲ್ಲಿ ಕೆಟ್ಟಿತು ಎಂದು ಹೇಳಿ ಬಂದರೆಂದು ಆಮೇಲೆ ತಿಳಿಯಿತು. ನನ್ನ ಕೈಯಲ್ಲಿ ಎಂದರಂತೆ.

ಆ ಭಾದ್ರಪದದಲ್ಲಿ, ಅವರ ಹತ್ತು ದಿನಗಳ ಪರ್ವ ಮುಗಿದ ಮೇಲೆ, ಮೇಡಂ ಕಾಲೇಜಿಗೆ ಬಂದರು. ಜೈನರಲ್ಲಿ ಆಗ ಎಲ್ಲರ ಬಳಿಗೂ ಹೋಗಿ ಕ್ಷಮೆ ಕೇಳುವ ಪದ್ಧತಿ. ಹಿಂದಿನ ವರ್ಷಗಳಲ್ಲೂ ಕೇಳುತ್ತಿದ್ದರು. ಆಗ ಪೇಢೆ ಕೊಟ್ಟು ನಗುತ್ತ ಕೇಳುತ್ತಿದ್ದರು. ಈ ಸಲ ನೌಕರಿ ಇರಲಿಲ್ಲ, ಆದರೂ ಅದಕ್ಕೆಂದೇ ಬಂದಿದ್ದರು. ಮುಖ್ಯಸ್ಥರ ಮುಂದೆ ಕೈ ಮುಗಿದು, "ಉತ್ತಮ ಕ್ಷಮಾ ಸರ್. ಗೊತ್ತಿದ್ದೋ ಗೊತ್ತಿಲ್ಲದೋ ಏನರ ತಪ್ಪಾಗಿದ್ರ..." ಎಂದರು.

ಆತ ಕುರ್ಚಿಯಿಂದ ಏಳಲಿಲ್ಲ. "ಆತ ಬಿಡ್ರಿ, ಕ್ಷಮಾ ಮಾಡೀನಿ. ಮುಂದ ಹುಷಾರಾಗಿರ್ರಿ" ಎಂದ. ಹೌದು, ಎಂದ. ಇನ್ನು ಬಹುವಚನ ನನ್ನಿಂದಾಗದು.

ಮೇಡಂ ಹೊರಗೆ ಬಂದು, ಬಾಗಿಲ ಬಳಿ ನಿಂತಿದ್ದ ನನಗೂ ಕೈ ಮುಗಿದರು. ಇಪ್ಪತ್ತರ ಹುಡುಗಿಗೆ!

"ನೀ ಸುಳ್ಳ ಹೇಳಿದಿ ಅಂತ ಮನಸ್ಸಿನ್ಯಾಗ ಬ್ಯಾಸರಾ ಇಟಗೊಂಡಿದ್ನಿವಾ. ಸುಮ್ಮಸುಮ್ಮನ ನಿನ್ನ ಮ್ಯಾಲೆ ಸಂಶೇ. ಕ್ಷಮಾ ಮಾಡ."

ಅವರ ಮೇಲೆಯೇ ನನಗೆ ಸಿಟ್ಟು ಬಂತು. ಬೈಯಬಾರದೆ? ಕಪಾಳಕ್ಕೆ ಎರಡು ಬಿಗಿಯಬಾರದೆ? ಬಿಗಿದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ... ನಾನು ಹೇಳಿದ್ದು ಇಷ್ಟೇ, "ಇರಲಿ ಬಿಡ್ರಿ ಮೇಡಂ. ಕ್ಷಮಾ ಮಾಡೀನಿ."

ಅವರು ನಕ್ಕು, ಛತ್ರಿ ಬಿಚ್ಚಿಕೊಂಡು ಹೋದರು.

ಆಮೇಲೆ ಪ್ರತಿ ಭಾದ್ರಪದಕ್ಕೂ ಅವರ ಮನೆಗೆ ಹೋಗಬೇಕೆಂದುಕೊಂಡೆ. ಒಂದು ವರ್ಷ ಮಗಳ ಪರೀಕ್ಷೆ, ಒಂದು ವರ್ಷ ಮಳೆ. ನೆವಕ್ಕೇನು ಬರವೇ? ಹೋದ ವರ್ಷ ಪೇಪರಿನ ಒಳಪುಟದಲ್ಲಿ ಅವರ ಫೋಟೋ ಬಂತು, ಹಣೆಯ ಮೇಲೆ "ಶ್ರದ್ಧಾಂಜಲಿ" ಎಂದು ಬರೆದುಕೊಂಡು.

ಬಕೀಟಿನಿಂದ ತಟ್ಟೆಯನ್ನು ಎತ್ತಿಕೊಂಡು ಮತ್ತೆ ತಿಕ್ಕಲು ಕುಳಿತೆ. ಮಗಳು ಹೋಗಿರಲಿಲ್ಲ, ಹೊಸ್ತಿಲ ಮೇಲೆ ಕುಳಿತಿದ್ದಳು. ಅವಳಿಗೆ ಮೊದಲಿನಿಂದ ಎಲ್ಲ ಹೇಳಿದೆ.

"ಕಡೀತನಕಾ ಹೇಳಲೇ ಇಲ್ಲೇನ ನೀ?"

"ಇಲ್ಲ."

ತಟ್ಟೆ ಬೆಳ್ಳಗಾಯಿತು. ಕ್ಷಮೆ ಕೇಳೋಣವೆಂದರೆ ಮೇಡಂ ಇಲ್ಲ. ಅವರನ್ನು ಕ್ಷಮಿಸಿದವಳು ಮಾತ್ರ ಇಲ್ಲಿ ಕುಳಿತಿದ್ದೇನೆ.